ಕೋವಿ ಲೈಸೆನ್ಸು: ರಿನೀವಲ್ ಮಾಡಿಸೋದಾ, ಬಿಡೋದಾ?

ಅಜ್ಜನ ಕಾಲದ ಕೇಪಿನ ಕೋವಿ ಲೈಸೆನ್ಸು ಈ ತಿಂಗಳು ರಿನೀವಲ್‌ಗೆ ಬಂದಿದೆ. "ಸರೆಂಡರ್ ಮಾಡಿ ಬಿಡು ಮಾರಾಯ, ಹಂದಿ ಏನೂ ನಿಂತಿಲ್ಲವಲ್ಲ" ಅಂದರು ಪಕ್ಕದ ಗದ್ದೆಯವರು. ಹೌದೇನೋ ಅನ್ನಿಸಿತು. ಬಿಡುವ ಮೊದಲು ಈ ಲೈಸೆನ್ಸು ಎಲ್ಲಿಂದ ಬಂತು ಅಂತ ಸ್ವಲ್ಪ ಓದಿದೆ. ನಿಮಗೂ ಬೇಕಾದೀತು ಅಂತ ಬರೀತಿದ್ದೇನೆ.

ಇದು ಹುಟ್ಟಿದ್ದು ನಮ್ಮ ರಕ್ಷಣೆಗಲ್ಲ, ಬ್ರಿಟಿಷರ ಹೆದರಿಕೆಗೆ. 1857ರಲ್ಲಿ ಆಯುಧ ಒಪ್ಪಿಸಿ ಅಂತ ಹುಕುಂ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡೋದಿಲ್ಲ ಅಂದರು. ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಅದೇ ದಂಗೆಯಲ್ಲಿ ಸರಕಾರದ ಪರ ನಿಂತರು ಅಂತ 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟ. ಇವತ್ತಿಗೂ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಅದು ನಡೆದುಕೊಂಡು ಬಂದಿದೆ.

1878ರಲ್ಲಿ ಲಿಟ್ಟನ್ ಕಾಲದ ಆರ್ಮ್ಸ್ ಆಕ್ಟ್ ಬಂತು. ಭಾರತೀಯರಿಗೆ ಲೈಸೆನ್ಸು ಬೇಕು, ಯುರೋಪಿಯನ್ನರಿಗೆ ಬೇಡ! ಈ ಸಿಟ್ಟು ಎಷ್ಟಿತ್ತೆಂದರೆ 1931ರ ಕರಾಚಿ ಕಾಂಗ್ರೆಸ್ಸು, ನಿಯಮಕ್ಕೆ ಒಳಪಟ್ಟು ಆಯುಧ ಇಟ್ಟುಕೊಳ್ಳೋದು ನಾಗರಿಕರ ಹಕ್ಕು ಅಂತ ನಿರ್ಣಯ ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದಲ್ಲಿ ಆ ಹಕ್ಕು ಸೇರಲಿಲ್ಲ.

ಆದರೆ 1959ರ ನಮ್ಮದೇ ಕಾಯ್ದೆ ರೈತನನ್ನು ಮರೆತಿಲ್ಲ. ಅದರ 13ನೇ ಸೆಕ್ಷನ್‌ನಲ್ಲಿ ಬೆಳೆ ರಕ್ಷಣೆಗೆ ಕೇಪಿನ ಕೋವಿಯಂಥ ಮದ್ದು ತುಂಬುವ ಕೋವಿ ಅಂತ ಹೆಸರಿಟ್ಟೇ ಬರೆದಿದ್ದಾರೆ. ಅದು ಸಾಲದಿದ್ದರೆ ಬೇರೆ ಕೋವಿಗೂ ಅವಕಾಶ ಇದೆ. ಆಮೇಲೆ 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಕೋವಿ ನಮ್ಮ ಕೈಯಲ್ಲೇ ಉಳಿಯಿತು, ಹಂದಿ ಮಾತ್ರ ಇಲಾಖೆಯದಾಯಿತು. ಅನುಮತಿ ಇಲ್ಲದೆ ಹೊಡೆಯೋ ಹಾಗಿಲ್ಲ. ಈಗ ನನ್ನ ಕೋವಿಯ ಕೆಲಸ ಗಾಳಿಗೊಂದು ಈಡು, ಅಷ್ಟೇ.

ತೊಂದರೆ ಇಲ್ಲವಾ ಅಂದರೆ ಬೇಕಾದಷ್ಟಿದೆ. ಒಮ್ಮೆ ಚುನಾವಣೆಗೆ ಅಂತ ಕೋವಿ ಠಾಣೆಯಲ್ಲಿಟ್ಟಿದ್ದೆ. ಭತ್ತ ಹಾಲು ತುಂಬುವ ಹೊತ್ತು. ವಾಪಸ್ ತರುವಷ್ಟರಲ್ಲಿ ಕೆಳಗಿನ ಎರಡು ಮಡಿ ಪೂರಾ ಹೋಗಿತ್ತು. ಕಾಗದ ಇದ್ದವನು ಕ್ಯೂ ನಿಂತ. ಕಾಗದ ಇಲ್ಲದ ನಾಡಕೋವಿಯವನನ್ನು ಯಾರೂ ಕೇಳಲಿಲ್ಲ.

ಹಾಗಂತ ಲೈಸೆನ್ಸೇ ಬೇಡ ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ನಮ್ಮ ತೋಟಕ್ಕೆ ಬರುತ್ತಿದ್ದ ಆಳೊಬ್ಬನಿಗೆ, ಯಾರೋ ಹಂದಿ ದಾರಿಗೆ ತಂತಿ ಎಳೆದು ಕಟ್ಟಿದ್ದ ನಾಡಕೋವಿಯ ಈಡು ಮೊಣಕಾಲಿಗೆ ಬಿತ್ತು. ಇವತ್ತಿಗೂ ಅವನು ಮರ ಹತ್ತೋದಿಲ್ಲ. ಆ ಕೋವಿ ನನ್ನದು ಅಂದವರು ಯಾರೂ ಇಲ್ಲ. ನನ್ನ ಕೋವಿಗೆ ನಂಬರಿದೆ, ಆ ನಂಬರಿಗೆ ನನ್ನ ಹೆಸರಿದೆ. ಅದರಿಂದ ಏನೇ ಆದರೂ ನಾನು ಎದ್ದು ನಿಂತು ಉತ್ತರ ಹೇಳಬೇಕು. ಪರದೇಶದವರ ಹೆದರಿಕೆಗೆ ಹುಟ್ಟಿದ ಕಾಗದ ಈಗ ನೆರೆಹೊರೆಗೆ ನಾನು ಕೊಟ್ಟ ಜಾಮೀನು ಇದ್ದ ಹಾಗೆ.

ಅದಕ್ಕೇ ರಿನೀವಲ್ ಮಾಡಿಸ್ತಿದ್ದೇನೆ. 2019ರ ತಿದ್ದುಪಡಿಯಿಂದ ಮೂರು ವರ್ಷದ ಅವಧಿ ಐದಾಗಿದೆ, ಅಷ್ಟು ಓಡಾಟ ಕಮ್ಮಿ. ಇನ್ನೊಂದು ಮಾತು: ಚುನಾವಣೆ ಹೊತ್ತಿಗೆ ಯಾರ ಕೋವಿ ಠೇವಣಿ ಇಡಿಸಬೇಕು ಅಂತ ನೋಡೋಕೆ ಜಿಲ್ಲೆಯಲ್ಲಿ ಸ್ಕ್ರೀನಿಂಗ್ ಕಮಿಟಿ ಇರುತ್ತದೆ. ಮುಂದಿನ ಸಲ ಬೆಳೆ ರಕ್ಷಣೆ ಕಾರಣ ಕೊಟ್ಟು ಎಲ್ಲರೂ ಒಟ್ಟಿಗೆ ಅರ್ಜಿ ಹಾಕೋಣ. ಬರುವವರು ಲೈಸೆನ್ಸ್ ಜೆರಾಕ್ಸು, ಪಹಣಿ ತೆಗೆದಿಟ್ಟುಕೊಳ್ಳಿ.