ಗಣಕಯಂತ್ರದ ಕಡತಗಳು: ಹಳೆಯ ಸಂಕೇತಗಳಲ್ಲಿ ಉಳಿದ ಕನ್ನಡ ಬರಹದ ವಿಚಾರ

೧

ಕನ್ನಡ ನಾಡಿನಲ್ಲಿ ಬರಹವು ಶಿಲೆ, ತಾಮ್ರಪಟ, ಓಲೆ, ಕಡತ, ಕಾಗದ ಎಂಬ ಆಸರೆಗಳನ್ನು ಪಡೆದು ಬಂದಿತೆಂಬುದು ವಿದ್ವಾಂಸರಿಗೆ ವಿದಿತವಾದ ವಿಷಯ. ಇವುಗಳಲ್ಲಿ ಕಡತವೆಂಬುದು ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕ. ವರ್ತಕರೂ ಶಾನುಭೋಗರೂ ತಮ್ಮ ಲೆಕ್ಕಪತ್ರಗಳನ್ನು ಇದರಲ್ಲಿಯೇ ಇಡುತ್ತಿದ್ದರು. ವಸ್ತುವು ಬಳಕೆ ತಪ್ಪಿದರೂ ಹೆಸರು ತಪ್ಪಲಿಲ್ಲ. ಅದು ಮೊದಲು ಕಚೇರಿಯ ಕಾಗದದ ಕಟ್ಟಿಗೂ, ಅನಂತರ ಗಣಕಯಂತ್ರದೊಳಗಿನ ಬರಹಕ್ಕೂ ಸಂದಿತು.

ಹೆಸರು ಒಂದೇ ಆದರೂ ಈ ಎರಡಕ್ಕೂ ಒಂದು ಮುಖ್ಯವಾದ ಭೇದವುಂಟು. ಹಳೆಯ ಕಡತವನ್ನು ಓದಲು ಕಣ್ಣೂ ಲಿಪಿಜ್ಞಾನವೂ ಇದ್ದರೆ ಸಾಕು. ಗಣಕಯಂತ್ರದ ಕಡತಕ್ಕೆ ಇವೆರಡರೊಡನೆ ಮೂರನೆಯದಾಗಿ ಯಂತ್ರವೂ, ಆ ಯಂತ್ರಕ್ಕೆ ತಿಳಿದ ಸಂಕೇತವೂ ಬೇಕು. ಸಂಕೇತವು ಮರೆತುಹೋದರೆ ಬರಹವು ಅಳಿಯದೆಯೇ ಇದ್ದು ಓದಿಗೆ ಎಟುಕದಂತಾಗುವುದು. ಸುಮಾರು 1985ರಿಂದ 2010ರವರೆಗಿನ ಕನ್ನಡ ಬರಹದ ದೊಡ್ಡದೊಂದು ಭಾಗ ಈ ಸ್ಥಿತಿಗೆ ಸಮೀಪವಾಗಿರುವುದರಿಂದ, ಇದರ ಪೂರ್ವೋತ್ತರಗಳನ್ನು ಪರಿಶೀಲಿಸುವುದು ಯುಕ್ತವಾಗಿದೆ.

೨

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಯನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹಿಂದೆ ಕಾನಕಾನಹಳ್ಳಿ ಎನಿಸಿದ್ದ ಈ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ಆ ಪಾಠದಲ್ಲಿ ಸಂಶಯ ಹುಟ್ಟಿದರೆ ಉಳಿದಿರುವ ಕಲ್ಲಿನ ಬಳಿಗೆ ಹೋಗಿ ನೋಡಬಹುದು. ಗ್ರಾಮದ ಭೂಮಿಯ ಲೆಕ್ಕವನ್ನು ಅನುವಂಶಿಕವಾಗಿ ಶಾನುಭೋಗರು ಇಡುತ್ತಿದ್ದರು. 1961ರ ಗ್ರಾಮಾಧಿಕಾರಗಳ ರದ್ದತಿಯ ಶಾಸನವು 1963ರಲ್ಲಿ ಜಾರಿಗೆ ಬಂದಮೇಲೆ ಆ ಹೊಣೆ ಸರ್ಕಾರದ ಗ್ರಾಮಲೆಕ್ಕಿಗರಿಗೆ ಬಂದಿತು. ಪಹಣಿಯೆಂಬ ಪತ್ರವು ಆಗಲೂ ಕೈಬರಹದ್ದೇ ಆಗಿದ್ದಿತು.

ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ತಾಲ್ಲೂಕು ಕಚೇರಿಗಳನ್ನು ವ್ಯಾಪಿಸಿತು. ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ರೈತನು ಆಗ 15 ರೂಪಾಯಿ ಕೊಟ್ಟು ಮುದ್ರಿತ ಪಹಣಿಯನ್ನು ಪಡೆಯುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಅಂದಿನಿಂದ ಒಂದು ಹೊಲದ ಒಡೆತನವು ಯಂತ್ರವು ಓದಬಲ್ಲ ಕನ್ನಡದ ಮೇಲೆ ನಿಂತಿತೆಂದರೆ ಅತಿಶಯವಲ್ಲ. ಈ ನಡುವೆ ಹೋಬಳಿಯ ಮೇಲಿನ ಜಿಲ್ಲೆಯ ಹೆಸರೂ ಬದಲಾಗುತ್ತ ಬಂದಿತು. ಬೆಂಗಳೂರು ಜಿಲ್ಲೆಯಲ್ಲಿದ್ದದ್ದು 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೂ, 2007ರಲ್ಲಿ ರಾಮನಗರಕ್ಕೂ ಸೇರಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರಾಯಿತು. ಊರು ಕದಲದೆ ಇರುವಾಗಲೂ ದಾಖಲೆಯ ತಲೆಬರಹ ಬದಲಾಗುವುದಾದ ಕಾರಣ, ಹಳೆಯ ದಾಖಲೆಯನ್ನು ಹೊಸದರೊಡನೆ ಹೋಲಿಸಿ ನೋಡುವ ಅಗತ್ಯ ಎಂದಿಗೂ ತಪ್ಪುವುದಿಲ್ಲ.

ಭೂಮಿಯ ದಾಖಲೆಗಳು ಯಂತ್ರದಿಂದ ಯಂತ್ರಕ್ಕೆ ಸಾಗಿಬಂದವು. ತಾಲ್ಲೂಕುಗಳಲ್ಲಿದ್ದದ್ದು ಮುಂದೆ ಒಂದೆಡೆ ಕೇಂದ್ರೀಕೃತವಾಯಿತು. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ನಿತ್ಯವೂ ಅವುಗಳನ್ನು ಕೇಳುವ ಜನರಿದ್ದರು, ಉತ್ತರ ಹೇಳಬೇಕಾದ ಕಚೇರಿಯಿದ್ದಿತು. ಅದೇ ಕಾಲದಲ್ಲಿ ಗಣಕಯಂತ್ರಕ್ಕೆ ಏರಿದ ನಿಘಂಟಿನ ಚೀಟಿಗಳು, ಸಂಪಾದಿತ ಕಾವ್ಯಪಾಠಗಳು, ಜಾನಪದ ಸಂಗ್ರಹಗಳು, ಪ್ರಬಂಧಗಳು ಇವುಗಳಿಗೆ ಅಂತಹ ಹೊಣೆಗಾರರು ಇರಲಿಲ್ಲ. ಪುಸ್ತಕವು ಅಚ್ಚಾದೊಡನೆ ಅದರ ಗಣಕಪ್ರತಿಯ ಪ್ರಯೋಜನ ಮುಗಿಯಿತೆಂದು ಬಗೆದವರೇ ಹೆಚ್ಚು.

೩

ಗಣಕಯಂತ್ರವು ಅಕ್ಷರವನ್ನು ಅರಿಯದು. ಸಂಖ್ಯೆಯನ್ನು ಮಾತ್ರ ಅರಿಯುವುದು. ಯಾವ ಸಂಖ್ಯೆಗೆ ಯಾವ ಅಕ್ಷರವೆಂಬ ಒಪ್ಪಂದವೇ ಸಂಕೇತ. ಅಮೆರಿಕದಲ್ಲಿ 1963ರಲ್ಲಿ ಪ್ರಕಟವಾದ ಆಸ್ಕಿ ಸಂಕೇತದಲ್ಲಿ 128 ಸ್ಥಾನಗಳು. ಎಂಟು ಬಿಟ್ಟುಗಳ ಯಂತ್ರದಲ್ಲಿ ಒಟ್ಟು 256. ಭಾರತೀಯ ಲಿಪಿಗಳನ್ನು ಇದರಲ್ಲಿ ಅಳವಡಿಸಲು ಎರಡು ಮಾರ್ಗಗಳು ಹುಟ್ಟಿದವು.

ಮೊದಲನೆಯದು ಇಸ್ಕಿ. 1991ರಲ್ಲಿ ರಾಷ್ಟ್ರೀಯ ಶಿಷ್ಟತೆಯೆನಿಸಿದ ಈ ಸಂಕೇತದಲ್ಲಿ ಎಲ್ಲ ಭಾರತೀಯ ಭಾಷೆಗಳ ಕಕಾರಕ್ಕೂ ಒಂದೇ ಸಂಖ್ಯೆ. ಲಿಪಿ ಮಾತ್ರ ಬೇರೆ. ಕಾನ್ಪುರದ ಐ.ಐ.ಟಿ.ಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಎಂಬ ತಂತ್ರವು ಇದನ್ನು ಬಳಸಿತು. ಆ ಕಾಲದ ಯಂತ್ರಗಳಿಗೆ ಭಾರತೀಯ ಅಕ್ಷರಗಳನ್ನು ಜೋಡಿಸುವ ಶಕ್ತಿ ಸಾಲದುದರಿಂದ, ಆ ಕೆಲಸಕ್ಕಾಗಿಯೇ ಒಂದು ಕಾರ್ಡನ್ನು ಯಂತ್ರದೊಳಗಿನ ಸೀಳಿಗೆ ಸೇರಿಸುತ್ತಿದ್ದರು.

ಎರಡನೆಯದು ಫಾಂಟಿನ ಮಾರ್ಗ. ಇದರಲ್ಲಿ ಸಂಖ್ಯೆಯು ಅಕ್ಷರಕ್ಕಲ್ಲ, ಅಕ್ಷರದ ತುಂಡಿಗೆ ಸಲ್ಲುವುದು. ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಒಡಲು, ತಲೆಕಟ್ಟು, ಕೊಂಬು, ಒತ್ತುಗಳನ್ನು ಇಟ್ಟು, ಮೊಳೆ ಜೋಡಿಸುವವನಂತೆ ಒಂದರ ಪಕ್ಕದಲ್ಲಿ ಒಂದನ್ನು ಕೂಡಿಸುವುದು ಇದರ ಕ್ರಮ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ವೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಈ ಮಾರ್ಗದಲ್ಲಿ ಪ್ರಸಿದ್ಧವಾದವು. ಇವಕ್ಕೂ ಮೊದಲು ಡಾಸ್ ಕಾಲದಲ್ಲಿ ಕೆ. ಪಿ. ರಾವ್ ಅವರು ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ತಂತ್ರಾಂಶವನ್ನು ರಚಿಸಿ ಉಚಿತವಾಗಿ ಕೊಟ್ಟರು. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಕೀಲಿಗಳಲ್ಲಿಯೇ ಕನ್ನಡದ ವರ್ಣಮಾಲೆಯನ್ನು ಉಚ್ಚಾರಾನುಸಾರವಾಗಿ ಅಡಕಮಾಡಿದ ಅವರ ವಿನ್ಯಾಸವು ಮುಂದೆ ನುಡಿಗೆ ಆಧಾರವಾಯಿತು.

ಯೂನಿಕೋಡ್ ಎಂಬ ವಿಶ್ವಸಂಕೇತದ ಮೊದಲ ಆವೃತ್ತಿಯಲ್ಲಿ, ಎಂದರೆ 1991ರಲ್ಲಿಯೇ, ಕನ್ನಡಕ್ಕೆ 128 ಸ್ಥಾನಗಳ ಒಂದು ಕ್ಷೇತ್ರ ದೊರೆಯಿತು. ಆದರೆ ಅದು ಜನಸಾಮಾನ್ಯರ ಯಂತ್ರಕ್ಕೆ ಬರಲು ಇನ್ನೂ ಹತ್ತು ವರ್ಷ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಕನ್ನಡ ಫಾಂಟು ಬಂದಿತು. ಆ ವೇಳೆಗೆ ಅಚ್ಚುಮನೆಗಳು ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶಕ್ಕೆ ಒಗ್ಗಿಹೋಗಿದ್ದವು. ಅದರ ಕೊನೆಯದಾದ ಏಳನೆಯ ಆವೃತ್ತಿ ಹೊರಬಂದದ್ದೂ 2001ರಲ್ಲಿಯೇ. ಅದಕ್ಕೆ ಯೂನಿಕೋಡ್ ತಿಳಿಯದು. ಕನ್ನಡದ ಡಿ.ಟಿ.ಪಿ. ಅಂಗಡಿಗಳಲ್ಲಿ ಹಳೆಯ ಎಕ್ಸ್‌ಪಿ ಯಂತ್ರಗಳು, 2014ರಲ್ಲಿ ತಯಾರಕರ ಬೆಂಬಲ ನಿಂತಮೇಲೂ, ಬಟ್ಟೆ ಹೊದ್ದು ಮೂಲೆಯಲ್ಲಿ ಉಳಿದುಕೊಂಡ ರಹಸ್ಯ ಇದೇ. ಹತ್ತು ವರ್ಷಗಳ ಹಿಂದಿನ ಪುಸ್ತಕಕ್ಕೆ ಮರುಮುದ್ರಣದ ಬೇಡಿಕೆ ಬಂದರೆ ಅದರ ಪುಟಗಳನ್ನು ತೆರೆಯಬಲ್ಲುದು ಆ ಯಂತ್ರ ಮಾತ್ರ.

೪

ಇಂತಹ ಕಡತಗಳನ್ನು ಉಳಿಸಿಕೊಳ್ಳಲು ಮೂರು ಉಪಾಯಗಳು ರೂಢಿಯಲ್ಲಿವೆ.

ಮೊದಲನೆಯದು ಹಳೆಯ ಯಂತ್ರವನ್ನೇ ದುರಸ್ತಿಮಾಡುತ್ತ ನಡೆಸುವುದು. ಇದರ ಶತ್ರುಗಳು ಗೊತ್ತಾದವೇ. ದಿನಾಂಕವನ್ನೂ ಡಿಸ್ಕಿನ ವಿವರವನ್ನೂ ನೆನಪಿಟ್ಟುಕೊಳ್ಳಲು ಹಳೆಯ ಮದರ್‌ಬೋರ್ಡುಗಳಿಗೆ ಬೆಸೆದಿದ್ದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯು ಕಾಲಾನಂತರದಲ್ಲಿ ಸೋರಿ, ಸುತ್ತಣ ತಾಮ್ರದ ಗೆರೆಗಳನ್ನು ತಿಂದುಹಾಕುವುದು. ಕೆಪಾಸಿಟರುಗಳೊಳಗಿನ ದ್ರವವು ಆರಿ ವಿದ್ಯುತ್ತು ಹದ ತಪ್ಪುವುದು. ಫ್ಲಾಪಿಯ ಮೇಲಿನ ಕಬ್ಬಿಣದ ಆಕ್ಸೈಡಿನ ಲೇಪಕ್ಕೆ ತೇವದಲ್ಲಿ ಬೂಷ್ಟು ಹಿಡಿಯುವುದು. ಬ್ಯಾಟರಿಯನ್ನು ಸೋರುವ ಮುನ್ನವೇ ಕಿತ್ತು ಬೇರೆಡೆ ಇರಿಸುವುದು, ಕೆಪಾಸಿಟರನ್ನು ಬದಲಿಸಿ ಬೆಸೆಯುವುದು, ಕೆಟ್ಟ ಹಾರ್ಡ್‌ಡಿಸ್ಕಿನ ಸ್ಥಾನದಲ್ಲಿ ಪರಿವರ್ತಕವೊಂದರ ಮೂಲಕ ಕ್ಯಾಮರಾದ ನೆನಪಿನ ಕಾರ್ಡನ್ನು ಕೂಡಿಸುವುದು, ಇವು ಬಲ್ಲವರು ಮಾಡುವ ಚಿಕಿತ್ಸೆಗಳು. ಬರಹವೇ ಕಾರ್ಡಿನ ನೆರವನ್ನು ಅವಲಂಬಿಸಿದ್ದಲ್ಲಿ ಈ ಉಪಾಯ ಅನಿವಾರ್ಯ, ಹಳೆಯ ಐ.ಎಸ್.ಎ. ಸೀಳುಗಳು ಹೊಸ ಯಂತ್ರಗಳಲ್ಲಿ ಇಲ್ಲವಾದುದರಿಂದ ಅದಕ್ಕಾಗಿ ಮಾಡಿದ ಕಾರ್ಡಿಗೆ ಅಲ್ಲಿ ನೆಲೆಯಿಲ್ಲ.

ಎರಡನೆಯದು ಅನುಕರಣೆ. ಹೊಸ ಯಂತ್ರದೊಳಗೆ ಹಳೆಯ ಯಂತ್ರದ ನಡವಳಿಕೆಯನ್ನು ತಂತ್ರಾಂಶದಿಂದಲೇ ನಟಿಸಿ, ಅದರಲ್ಲಿ ಹಳೆಯ ತಂತ್ರಾಂಶವನ್ನು ನಡೆಸುವುದು. 2002ರಿಂದ ಬೆಳೆದು ಬಂದ ಡಾಸ್‌ಬಾಕ್ಸ್ ಇದಕ್ಕೆ ಪ್ರಸಿದ್ಧ ನಿದರ್ಶನ. ಇದರಲ್ಲಿ ಬೆಸುಗೆಯ ಶ್ರಮವಿಲ್ಲ. ಆದರೆ ಬೀಗದ ಕೈಯಂತೆ ಯಂತ್ರದ ಹಿಂಬದಿಗೆ ಸಿಕ್ಕಿಸಬೇಕಾಗಿದ್ದ ಡಾಂಗಲ್ ಇಲ್ಲದೆ ತೆರೆಯದ ತಂತ್ರಾಂಶಗಳು ಇಲ್ಲಿಯೂ ತೊಡಕನ್ನುಂಟುಮಾಡುವುವು.

ಮೂರನೆಯದು ಪರಿವರ್ತನೆ, ಎಂದರೆ ಹಳೆಯ ಸಂಕೇತದ ಬರಹವನ್ನು ಕೋಷ್ಟಕದ ಪ್ರಕಾರ ಯೂನಿಕೋಡಿಗೆ ತಿರುಗಿಸುವುದು. ಮೇಲ್ನೋಟಕ್ಕೆ ಇದೇ ಸುಲಭವಾಗಿ ತೋರುವುದಾದರೂ, ಗ್ರಂಥಸಂಪಾದನೆಯ ದೃಷ್ಟಿಯಿಂದ ಹೆಚ್ಚು ಎಚ್ಚರ ಬೇಕಾದುದು ಇಲ್ಲಿಯೇ.

೫

ನುಡಿಯ ಸಂಕೇತದಲ್ಲಿ ‘ಕನ್ನಡ’ ಎಂಬ ಮೂರಕ್ಷರದ ಪದಕ್ಕೆ ಏಳು ಗುರುತುಗಳು: ಮೂರು ಒಡಲು, ಮೂರು ತಲೆಕಟ್ಟು, ಒಂದು ಒತ್ತು. ಫಾಂಟು ಇಲ್ಲದ ಯಂತ್ರದಲ್ಲಿ ಇದು ಲ್ಯಾಟಿನ್ ಅಕ್ಷರಗಳ ನಡುವೆ ಪೌಂಡು ನಾಣ್ಯದ ಚಿಹ್ನೆ ಸೇರಿದ ಅರ್ಥವಿಲ್ಲದ ಸಾಲಾಗಿ ತೋರುವುದು. ಯೂನಿಕೋಡಿನಲ್ಲಿ ಇದೇ ಪದಕ್ಕೆ ಐದು ಸಂಖ್ಯೆಗಳು: ಕ, ನ, ವಿರಾಮ, ನ, ಡ. ಆದುದರಿಂದ ಪರಿವರ್ತನೆಯೆಂಬುದು ಒಂದಕ್ಕೊಂದನ್ನು ಬದಲಿಸುವ ಕೆಲಸವಲ್ಲ. ಮಕಾರವನ್ನು ನುಡಿಯು ವಕಾರದ ಒಡಲಿಗೆ ಬಾಲವೊಂದನ್ನು ಸೇರಿಸಿ ಬರೆಯುವುದು. ‘ವು’ ಎಂಬುದಕ್ಕೂ ಅದೇ ಒಡಲು, ಕೊಂಬು ಮಾತ್ರ ಬೇರೆ. ಧ, ಢ, ಫ, ಭಗಳು ಅಲ್ಪಪ್ರಾಣದ ಒಡಲಿಗೆ ಸೀಳನ್ನು ಕೂಡಿಸಿದವು. ‘ಧರ್ಮ’ ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಮಕಾರದ ಅನಂತರ ಇದ್ದರೆ, ಯೂನಿಕೋಡಿನಲ್ಲಿ ರೇಫವು ಉಚ್ಚಾರದಂತೆ ಮಕಾರದ ಮುಂದೆಯೇ ಬರಬೇಕು. ಅದನ್ನು ಹಿಂದಕ್ಕೆ ಸರಿಸಬೇಕಾಗುವುದು. ಇನ್ನು ಒಂದೇ ಕಡತದಲ್ಲಿ ಇಂಗ್ಲಿಷ್ ಪದವಿದ್ದರೆ, ಫಾಂಟಿನ ಭೇದವನ್ನು ಗಮನಿಸದ ಪರಿವರ್ತಕವು ಅದನ್ನೂ ಕನ್ನಡದ ತುಂಡುಗಳೆಂದೇ ಎಣಿಸಿ ಕೆಡಿಸುವುದು.

ಓಲೆಯ ಲಿಪಿಕಾರನು ವ-ಮಗಳನ್ನು ಒಂದಕ್ಕೊಂದಾಗಿ ಬರೆದ ನಿದರ್ಶನಗಳು ಸಂಪಾದಕರಿಗೆ ಹೊಸವಲ್ಲ. ಯಂತ್ರವೂ ಅದೇ ಎಡೆಯಲ್ಲಿ ಎಡವಬಲ್ಲುದು. ಆದರೆ ಲಿಪಿಕಾರನು ದಣಿದಲ್ಲಿ ತಪ್ಪುವನು. ಯಂತ್ರವು ಕೋಷ್ಟಕದಲ್ಲಿ ಒಂದು ತಪ್ಪಿದ್ದರೆ ಎಲ್ಲೆಡೆಯೂ ಅದನ್ನೇ ಮಾಡುವುದು. ಇದರಿಂದ ಹಾನಿಯೂ ಉಂಟು, ಲಾಭವೂ ಉಂಟು. ಮೂಲಕಡತವು ಕೈಯಲ್ಲಿದ್ದರೆ ಕೋಷ್ಟಕವನ್ನು ತಿದ್ದಿ ಇಡೀ ಗ್ರಂಥವನ್ನು ಕ್ಷಣದಲ್ಲಿ ಸರಿಪಡಿಸಬಹುದು. ಮೂಲವನ್ನು ಎಸೆದಿದ್ದರೆ, ಒಂದೊಂದು ಪದವನ್ನೂ ಊಹೆಯಿಂದ ತಿದ್ದುವುದೊಂದೇ ಗತಿ.

ವಿಶ್ವಸಂಕೇತವೂ ದೋಷರಹಿತವಾಗಿ ಹುಟ್ಟಲಿಲ್ಲ. ಹಳಗನ್ನಡದ ೞಕಾರಕ್ಕೆ ಅದರಲ್ಲಿ ಸ್ಥಾನವೇನೋ ದೊರೆಯಿತು; ಆದರೆ ಹೆಸರು ತಪ್ಪಾಗಿ ‘ಫ’ ಎಂದು ದಾಖಲಾಯಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮದಿಂದ ಆ ಹೆಸರು ಹಾಗೆಯೇ ಉಳಿದು, ಪಕ್ಕದಲ್ಲಿ ತಿದ್ದುಪಡಿಯ ಉಪನಾಮವೊಂದು ಸೇರಿತು. ಹಳೆಯ ಬರಹಗಳಲ್ಲಿ ಕಾಣುವ ನಕಾರಪೊಲ್ಲಿಗೆ ಸ್ಥಾನ ದೊರೆತದ್ದು 2021ರಲ್ಲಿ. ಅದಕ್ಕೆ ಮುಂಚಿನ ಯೂನಿಕೋಡ್ ಪಾಠಗಳಲ್ಲಿ ಆ ಅಕ್ಷರವು ಬೇರೊಂದು ವೇಷದಲ್ಲಿ ಅಡಗಿರುವುದೆಂಬುದನ್ನು ಶೋಧಕರು ನೆನಪಿಡತಕ್ಕುದು.

೬

ಪರಿವರ್ತಿತವಾಗಿ ಶೋಧನೆಗೆ ಒದಗಿದ ಪಾಠದ ಪ್ರಯೋಜನ ಅಲ್ಪವಲ್ಲ. ‘ವಚನ ಸಂಚಯ’ದಲ್ಲಿ 20 ಸಾವಿರಕ್ಕೂ ಮಿಕ್ಕ ವಚನಗಳು ಯೂನಿಕೋಡಿನಲ್ಲಿ ದೊರೆಯುವುದರಿಂದ, ಒಂದು ಪದವು ಯಾರ ವಚನಗಳಲ್ಲಿ ಎಷ್ಟು ಸಲ ಬಂದಿದೆಯೆಂಬುದನ್ನು ಅಧ್ಯಾಪಕನೊಬ್ಬನು ಪಾಠದ ಮುಂಚಿನ ಅರ್ಧಗಳಿಗೆಯಲ್ಲಿ ಕಂಡುಕೊಳ್ಳಬಲ್ಲನು. ಹಿಂದೆ ಇದು ಒಂದು ಜೀವಮಾನದ ಪದಸೂಚಿಯ ಕೆಲಸ.

ಇದರಿಂದ ಕೆಲವು ಸಂಗತಿಗಳು ನಿಷ್ಪನ್ನವಾಗುತ್ತವೆ. ಪರಿವರ್ತನೆಯು ಒಂದು ಪ್ರತಿಯೇ ಹೊರತು ಮೂಲವಲ್ಲ. ಮೂಲಕಡತವನ್ನು ಅದರ ಫಾಂಟಿನೊಡನೆ ಕೂಡಿಯೇ ಇಡಬೇಕು. ಯಾವ ತಂತ್ರಾಂಶದಲ್ಲಿ, ಯಾವ ಆವೃತ್ತಿಯಲ್ಲಿ, ಯಾವ ವರ್ಷ ಬರೆದದ್ದೆಂಬ ಒಕ್ಕಣೆಯನ್ನು ಓಲೆಯ ಕೊನೆಯಲ್ಲಿ ಲಿಪಿಕಾರನು ಬರೆಯುತ್ತಿದ್ದಂತೆ ಸೇರಿಸಬೇಕು. ಪರಿವರ್ತಿತ ಪಾಠವನ್ನು ಅಚ್ಚಾದ ಪುಸ್ತಕದೊಡನೆ ಹೋಲಿಸದೆ ಉದ್ಧರಿಸಬಾರದು. ಗ್ರಂಥಸಂಗ್ರಹವುಳ್ಳ ಸಂಸ್ಥೆಗಳು ಓಲೆಗೆ ಎಣ್ಣೆ ಸವರುವ ಕ್ರಮವನ್ನು ಬಿಡದಿರುವಂತೆ, ಹಳೆಯ ಯಂತ್ರವೊಂದನ್ನಾದರೂ ನಡೆಯುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಕರ್ತವ್ಯ.

ಉಯ್ಯಂಬಳ್ಳಿಯ ರೈತನು ತನ್ನ ಪಹಣಿಯಲ್ಲಿ ಒಂದಕ್ಷರ ತಪ್ಪಿದರೆ ನಾಡಕಚೇರಿಗೂ ತಾಲ್ಲೂಕು ಕಚೇರಿಗೂ ಅಲೆದಾದರೂ ಅದನ್ನು ತಿದ್ದಿಸಿಕೊಳ್ಳುವನು. ಕಾವ್ಯದ ಪಾಠದಲ್ಲಿ ಅಕ್ಷರ ತಪ್ಪಿದರೆ ಹಾಗೆ ಅಲೆಯತಕ್ಕವರು ವಿದ್ವಾಂಸರು ಮಾತ್ರ. ಮೂಲಕಡತಗಳೂ ಅವುಗಳನ್ನು ತೆರೆಯಬಲ್ಲ ಯಂತ್ರಗಳೂ ಇನ್ನೂ ಅಲ್ಲಲ್ಲಿ ಉಳಿದಿರುವ ಈ ಕಾಲದಲ್ಲಿಯೇ ಆ ಕಾರ್ಯವು ನಡೆಯತಕ್ಕುದು.