ಗ್ಯಾಲರಿಯಲ್ಲಿ ಕುಳಿತ ತರಬೇತುದಾರ

2023ರ ಜುಲೈ 4, ಮಂಗಳವಾರ. ಸ್ವಂತ ಊರಿನ ಎಲ್.ಟಿ.ಸಿ. ಪಡೆದು ಪುಣೆಯಿಂದ ಬೆಂಗಳೂರಿಗೆ ಹೋಗಿದ್ದ ನಾವು ಆ ಸಂಜೆ ಕಂಠೀರವ ಕ್ರೀಡಾಂಗಣದಲ್ಲಿ ಕುಳಿತಿದ್ದೆವೆಂದರೆ ಅದಕ್ಕೆ ನಮ್ಮ ಭಾವಮೈದುನನೇ ಕಾರಣ. "ಭಾವ, ಮನೇಲಿ ಕೂತು ಏನ್ ಮಾಡ್ತೀರಿ? ಟಿಕೆಟ್ ತಂದಿದ್ದೀನಿ, ಏಳಿ" ಎಂದು ಎಬ್ಬಿಸಿಕೊಂಡು ಹೋದ. ದಕ್ಷಿಣ ಏಷ್ಯದ ಸ್ಯಾಫ್ ಫುಟ್ಬಾಲ್ ಪಂದ್ಯಾವಳಿಯ ಫೈನಲ್. ಅತಿಥಿಯಾಗಿ ಬಂದಿದ್ದ ಕುವೈತ್ ತಂಡ ಮೊದಲು ಗೋಲು ಹೊಡೆಯಿತು. ಅರ್ಧ ಸಮಯಕ್ಕೆ ಮೊದಲೇ ನಮ್ಮ ಛಾಂಗ್ಟೆ ಅದನ್ನು ಸರಿದೂಗಿಸಿದ. ಹೆಚ್ಚುವರಿ ವೇಳೆಯಲ್ಲೂ ತೀರ್ಮಾನವಾಗದೆ ಪೆನಾಲ್ಟಿಗೆ ಹೋದಾಗ ಐದೈದು ಒದೆತಗಳ ನಂತರವೂ ಲೆಕ್ಕ ಸಮ. ಆರನೆಯದನ್ನು ನಮ್ಮ ಮಹೇಶ್ ಸಿಂಗ್ ಬಲೆಗೆ ಸೇರಿಸಿದ. ಕುವೈತಿನ ಆರನೆಯದನ್ನು ಗುರುಪ್ರೀತ್ ತಡೆದ. ಇಡೀ ಕ್ರೀಡಾಂಗಣ ಎದ್ದು ನಿಂತಿತು, ನಾವೂ ಎದ್ದೆವು.

ಆದರೆ ನಮ್ಮ ಕಣ್ಣು ಹುಡುಕುತ್ತಿದ್ದ ಮನುಷ್ಯ ಮೈದಾನದ ಅಂಚಿನಲ್ಲಿ ಇರಲಿಲ್ಲ. ಅಲ್ಲಿ ನಿಂತು ತಂಡವನ್ನು ನಡೆಸಿದವರು ಸಹಾಯಕ ತರಬೇತುದಾರ ಮಹೇಶ್ ಗಾವ್ಲಿ. ಮುಖ್ಯ ತರಬೇತುದಾರರು ಪಾಕಿಸ್ತಾನದ ವಿರುದ್ಧದ ಪಂದ್ಯದಲ್ಲಿ ಎದುರಾಳಿಯ ಕೈಯಲ್ಲಿದ್ದ ಚೆಂಡನ್ನೇ ತಟ್ಟಿ ಕೆಡವಿ ಕೆಂಪು ಕಾರ್ಡು ಪಡೆದಿದ್ದರು. ಒಂದು ಪಂದ್ಯ ಹೊರಗಿದ್ದು ಮರಳಿದವರು ಕುವೈತ್ ವಿರುದ್ಧದ ಲೀಗ್ ಪಂದ್ಯದಲ್ಲಿ ಮತ್ತೊಂದನ್ನು ಪಡೆದರು. ಹೀಗಾಗಿ ಸೆಮಿಫೈನಲ್ಲಿಗೂ ಫೈನಲ್ಲಿಗೂ ಅವರಿಗೆ ಬೆಂಚಿನ ಬಳಿ ಪ್ರವೇಶವಿರಲಿಲ್ಲ. ತಾವು ಕಟ್ಟಿದ ತಂಡ ಗೆಲ್ಲುವುದನ್ನು ಅವರೂ ನಮ್ಮಂತೆಯೇ ಗ್ಯಾಲರಿಯಿಂದ ನೋಡಬೇಕಾಯಿತು.

ಅವರೇ ಇಗೋರ್ ಸ್ಟಿಮ್ಯಾಕ್. ನಮ್ಮ ಪತ್ರಿಕೆಗಳು ಹಾಗೆ ಬರೆದವು. ಅವರ ನಾಡಿನವರು ಶ್ಟಿಮಾತ್ಸ್ ಎನ್ನುತ್ತಾರೆ. ಹೆಸರಿನ ಕಾಗುಣಿತ ಒಮ್ಮೆ ತಪ್ಪಿದರೆ ಕಡತದಲ್ಲಿ ಅದೇ ಶಾಶ್ವತವಾಗುವುದನ್ನು ಕಚೇರಿಯಲ್ಲಿ ದಿನವೂ ಕಾಣುವ ನಾವು ಇಲ್ಲಿಯಾದರೂ ಸರಿಯಾಗಿ ಬರೆಯೋಣ.

ಶ್ಟಿಮಾತ್ಸ್ ಹುಟ್ಟಿದ್ದು 1967ರ ಸೆಪ್ಟೆಂಬರ್ 6ರಂದು, ನೆರೆತ್ವಾ ನದಿಯ ದಡದ ಮೆಟ್ಕೊವಿಚ್ ಎಂಬ ಸಣ್ಣ ಊರಿನಲ್ಲಿ. ಆಗ ಅದು ಯುಗೊಸ್ಲಾವಿಯ. ಆ ಹೆಸರು ನಮ್ಮ ಹಿರಿಯರಿಗೆ ಟಿಟೊ–ನೆಹರೂ ಸ್ನೇಹದಿಂದ ಪರಿಚಿತ; ಫುಟ್ಬಾಲ್ ಬಲ್ಲವರಿಗೆ ಬೇರೊಂದು ಕಾರಣದಿಂದಲೂ ನೆನಪಿರಬೇಕು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಭಾರತವನ್ನು 10–1ರಿಂದ ಸೋಲಿಸಿತು. ಆ ಚಳಿಯಲ್ಲಿ ನಮ್ಮ ಹಲವರು ಬರಿಗಾಲಿನಲ್ಲಿ ಆಡಿದ್ದರು. ಅವರ ಹತ್ತರಲ್ಲಿ 4 ಗೋಲು ಝಾಗ್ರೆಬ್ಬಿನ ಬ್ರಾಂಕೊ ಜೆಬೆಕ್‌ನವು. ಈತ ಮುಂದೆ ತರಬೇತುದಾರನಾಗಿ ಜರ್ಮನಿಯ ಬಯರ್ನ್ ಮ್ಯೂನಿಕ್ ತಂಡಕ್ಕೆ 1969ರಲ್ಲಿ ಲೀಗ್, ಕಪ್ ಎರಡನ್ನೂ ಗೆಲ್ಲಿಸಿಕೊಟ್ಟ. ಆಡಿ ಮುಗಿಸಿದವರು ಆಡಿಸಲು ಹೊರದೇಶಗಳಿಗೆ ಹೋಗುವುದು ಆ ನಾಡಿನ ಹಳೆಯ ಪದ್ಧತಿ. ನಮ್ಮ ಕಡೆಯ ಒಂದೇ ಗೋಲು ಯಾರದು? ಬೆಂಗಳೂರಿನ ಅಹಮದ್ ಖಾನ್ ಅವರದು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ಮೆರೆದು, 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡ ಈ ಕನ್ನಡನಾಡಿನ ಆಟಗಾರನನ್ನು ನಾವು ಎಷ್ಟು ಮಂದಿ ಬಲ್ಲೆವು? ನಾಲ್ಕು ವರ್ಷಗಳ ನಂತರ ಮೆಲ್ಬರ್ನಿನ ಸೆಮಿಫೈನಲ್ಲಿನಲ್ಲಿ ಮುಂಬಯಿಯ ನೆವಿಲ್ ಡಿಸೋಜಾ ಮೊದಲ ಗೋಲು ಹೊಡೆದು ಅದೇ ಯುಗೊಸ್ಲಾವಿಯವನ್ನು ಬೆಚ್ಚಿಬೀಳಿಸಿದ್ದರು. ಕೊನೆಗೆ ಭಾರತ 1–4ರಿಂದ ಸೋತಿತೆನ್ನುವುದು ಬೇರೆ ಮಾತು. ಹತ್ತಕ್ಕೊಂದು ಇದ್ದ ಅಂತರ ನಾಲ್ಕೇ ವರ್ಷದಲ್ಲಿ ನಾಲ್ಕಕ್ಕೊಂದಾಗಿತ್ತು. ಆಮೇಲೆ ಆ ಅಂತರ ಕುಗ್ಗುವ ಬದಲು ಬೆಳೆಯಿತು.

ಏಕೆ ಬೆಳೆಯಿತೆಂಬುದಕ್ಕೆ ಶ್ಟಿಮಾತ್ಸ್ ಅವರ ಬಾಲ್ಯವೇ ಅರ್ಧ ಉತ್ತರ. ಏಡ್ರಿಯಾಟಿಕ್ ಕಡಲತೀರದ ಸ್ಪ್ಲಿಟ್ ನಗರದಲ್ಲಿ ಹಾಯ್ದುಕ್ ಎಂಬ ಕ್ಲಬ್ಬು 1911ರಿಂದ ಇದೆ. ಹುಡುಗರನ್ನು ಚಿಕ್ಕಂದಿನಲ್ಲೇ ಆರಿಸಿ, ಒಂದೊಂದು ವಯಸ್ಸಿಗೆ ಒಂದೊಂದು ತಂಡ ಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವ ಶಾಲೆಗಳು ಇಂಥ ಕ್ಲಬ್ಬುಗಳಲ್ಲಿದ್ದವು. ಶ್ಟಿಮಾತ್ಸ್ ಹಾಯ್ದುಕ್‌ನ ಶಾಲೆಯಲ್ಲಿ ಬೆಳೆದು ರಕ್ಷಣೆಯ ಆಟಗಾರರಾದರು. 1987ರಲ್ಲಿ ಚಿಲಿ ದೇಶದಲ್ಲಿ ನಡೆದ ವಿಶ್ವ ಯುವ ಚಾಂಪಿಯನ್‌ಷಿಪ್ಪನ್ನು ಯುಗೊಸ್ಲಾವಿಯ ಗೆದ್ದಿತು. ಫೈನಲ್ಲಿನಲ್ಲಿ ಪಶ್ಚಿಮ ಜರ್ಮನಿಯನ್ನು ಪೆನಾಲ್ಟಿಗಳಲ್ಲಿ ಸೋಲಿಸಿದ ಆ ತಂಡದಲ್ಲಿ ಶ್ಟಿಮಾತ್ಸ್, ಬೊಬಾನ್, ಪ್ರೊಸಿನೆಚ್ಕಿ, ಶೂಕರ್, ಯಾರ್ನಿ ಎಂಬ ಐವರು ತರುಣರಿದ್ದರು. ಈ ಹೆಸರುಗಳನ್ನು ವಾಚಕರು ನೆನಪಿನಲ್ಲಿಡಬೇಕು.

ಅಷ್ಟರಲ್ಲಿ ದೇಶವೇ ಒಡೆಯತೊಡಗಿತು. 1991ರ ಮೇ 8ರಂದು ಬೆಲ್‌ಗ್ರೇಡಿನಲ್ಲಿ ಯುಗೊಸ್ಲಾವ್ ಕಪ್ ಫೈನಲ್. ಒಂದು ಕಡೆ ಕ್ರೊವೇಷಿಯದ ಹಾಯ್ದುಕ್, ಇನ್ನೊಂದು ಕಡೆ ಸರ್ಬಿಯದ ರೆಡ್ ಸ್ಟಾರ್. ಆರು ದಿನ ಮೊದಲು ಬೊರೊವೊ ಸೆಲೊ ಎಂಬ ಹಳ್ಳಿಯಲ್ಲಿ ರಕ್ತ ಹರಿದಿತ್ತು. ಆ ಬೊರೊವೊ ಸೀಮೆಯಲ್ಲೇ ಬೆಳೆದವನು ರೆಡ್ ಸ್ಟಾರಿನ ಸಿನಿಶಾ ಮಿಹಾಯ್ಲೊವಿಚ್. ಅವನಿಗೂ ಶ್ಟಿಮಾತ್ಸ್ ಅವರಿಗೂ ಮೈದಾನದಲ್ಲೇ ಮಾತಿಗೆ ಮಾತು ಬೆಳೆದು ಇಬ್ಬರೂ ಹೊರಹಾಕಲ್ಪಟ್ಟರು. ಬೊಕ್ಷಿಚ್ ಹೊಡೆದ ಒಂದೇ ಗೋಲಿನಿಂದ ಹಾಯ್ದುಕ್ ಗೆದ್ದಿತು. ಸೋತ ರೆಡ್ ಸ್ಟಾರ್ ಮೂರೇ ವಾರಗಳಲ್ಲಿ ಯೂರೋಪಿನ ಚಾಂಪಿಯನ್ ಆಯಿತೆಂದರೆ ಆ ಗೆಲುವಿನ ತೂಕ ತಿಳಿಯುತ್ತದೆ. ಜೂನ್ 25ರಂದು ಕ್ರೊವೇಷಿಯ ಸ್ವಾತಂತ್ರ್ಯ ಘೋಷಿಸಿಕೊಂಡಿತು, ಯುದ್ಧ ಹಬ್ಬಿತು. ಟಿಟೊ ಹೆಸರಿನ ಆ ಕಪ್ಪು ಸ್ಪ್ಲಿಟ್‌ನಿಂದ ಮತ್ತೆ ಬೆಲ್‌ಗ್ರೇಡಿಗೆ ಹೋಗಲೇ ಇಲ್ಲ. ಮರಳಿಸಲು ದೇಶವೇ ಉಳಿಯಲಿಲ್ಲವಲ್ಲ!

ಮುಂದೆ ಶ್ಟಿಮಾತ್ಸ್ ಸ್ಪೇನಿನ ಕಾದಿಸ್‌ಗೆ ಹೋದರು, ಮತ್ತೆ ಹಾಯ್ದುಕ್‌ಗೆ ಬಂದರು, 1995ರಲ್ಲಿ ಇಂಗ್ಲೆಂಡಿನ ಎರಡನೆಯ ದರ್ಜೆಯಲ್ಲಿದ್ದ ಡರ್ಬಿ ಕೌಂಟಿಗೆ ಸೇರಿದರು. ಮೊದಲ ಪಂದ್ಯದಲ್ಲಿ ಅವರೇ ಒಂದು ಗೋಲು ಹೊಡೆದರೂ ತಂಡ 1–5ರಿಂದ ಸೋತಿತು. ಅದಾದ ಮೇಲೆ ಸತತ 20 ಪಂದ್ಯ ಸೋಲದೆ ಡರ್ಬಿ ಪ್ರೀಮಿಯರ್ ಲೀಗಿಗೆ ಏರಿತು.

1998ರ ವಿಶ್ವಕಪ್. ಆಗ ನಾವು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದೆವು. ಹಾಸ್ಟೆಲಿನ ಒಂದೇ ಟಿ.ವಿ.ಯ ಮುಂದೆ ಮಧ್ಯರಾತ್ರಿ ಹತ್ತಾರು ಜನ. ಮಿರೊಸ್ಲಾವ್ ಬ್ಲಾಝೆವಿಚ್ ಎಂಬ ಮಾತುಗಾರ ತರಬೇತುದಾರರ ಕೈಕೆಳಗೆ, ಕೆಂಪು–ಬಿಳಿ ಚೌಕುಳಿ ಅಂಗಿಯ ಈ ಹೊಸ ದೇಶ ಜರ್ಮನಿಯನ್ನು 3–0ರಿಂದ ಹೊಡೆದಾಗ ನಮ್ಮ ವಾರ್ಡನ್ನರೂ ಬೈಯುವುದನ್ನು ಮರೆತರು. ಸೆಮಿಫೈನಲ್ಲಿನಲ್ಲಿ ಫ್ರಾನ್ಸ್ ವಿರುದ್ಧ ಶೂಕರ್ ಗೋಲು ಹೊಡೆದ ಮರುನಿಮಿಷವೇ ಥುರಾಮ್ ಸಮ ಮಾಡಿದ, ಆಮೇಲೆ ಎರಡನೆಯದನ್ನೂ ಹೊಡೆದ. ಕ್ರೊವೇಷಿಯ ನೆದರ್‌ಲೆಂಡ್ಸನ್ನು ಸೋಲಿಸಿ ಮೂರನೆಯ ಸ್ಥಾನ ಪಡೆಯಿತು. ಚಿಲಿಯ ಐವರೂ ಆ ತಂಡದಲ್ಲಿದ್ದರು. ಹೊಸ ದೇಶಕ್ಕೆ ಆಗಿನ್ನೂ ಏಳು ವರ್ಷ. ಆದರೆ ಆಟಗಾರರನ್ನು ತಯಾರಿಸಿದ ಶಾಲೆಗಳು ಹಳೆಯವು. ದೇಶ ಒಡೆದರೂ ಬಿತ್ತಿದ ಬೆಳೆ ಕೈಗೆ ಬಂದಿತ್ತು. ಇದು ಆ ರಾತ್ರಿ ನಮಗೆ ಹೊಳೆದಿರಲಿಲ್ಲ, ಪವಾಡವೆಂದೇ ಭಾವಿಸಿದ್ದೆವು.

ಆಟ ಬಿಟ್ಟ ಮೇಲೆ ಕ್ಲಬ್ಬುಗಳಲ್ಲಿ ತರಬೇತಿ ನೀಡಿ, 2012ರಲ್ಲಿ ಹಳೆಯ ಜೊತೆಗಾರ ಬಿಲಿಚ್ ಬಿಟ್ಟ ಸ್ಥಾನಕ್ಕೆ ಶ್ಟಿಮಾತ್ಸ್ ರಾಷ್ಟ್ರೀಯ ತರಬೇತುದಾರರಾದರು. ವಿಧಿಯ ಆಟ ನೋಡಿ: ವಿಶ್ವಕಪ್ ಅರ್ಹತೆಯ ಗುಂಪಿನಲ್ಲಿ ಎದುರಾದ ಸರ್ಬಿಯಕ್ಕೆ ತರಬೇತುದಾರ ಅದೇ ಮಿಹಾಯ್ಲೊವಿಚ್! 2013ರ ಮಾರ್ಚ್ 22ರಂದು ಝಾಗ್ರೆಬ್ಬಿನಲ್ಲಿ, ಸರ್ಬಿಯದ ಪ್ರೇಕ್ಷಕರಿಗೆ ಪ್ರವೇಶವೇ ಇಲ್ಲದ ಆ ಪಂದ್ಯಕ್ಕೆ ಮುನ್ನ, ವರ್ಷಗಟ್ಟಲೆ ಮುಖ ನೋಡದಿದ್ದ ಇಬ್ಬರೂ ಅಪ್ಪಿಕೊಂಡರು. ಕ್ರೊವೇಷಿಯ 2–0ರಿಂದ ಗೆದ್ದಿತು. ಶ್ಟಿಮಾತ್ಸ್ ಅವರ ಇಡೀ ಜೀವನದಲ್ಲಿ ನಮಗೆ ದೊಡ್ಡದಾಗಿ ಕಾಣುವುದು ಆ ಅಪ್ಪುಗೆ. ಅದೇ ಅಕ್ಟೋಬರಿನಲ್ಲಿ ಸ್ಕಾಟ್‌ಲೆಂಡಿಗೆ ಸೋತದ್ದಕ್ಕೆ ಅವರನ್ನು ತೆಗೆದುಹಾಕಲಾಯಿತು. ಮಿಹಾಯ್ಲೊವಿಚ್ 2022ರ ಡಿಸೆಂಬರಿನಲ್ಲಿ ತೀರಿಕೊಂಡರು.

ಇಂಥ ಮನುಷ್ಯ 2019ರ ಮೇ ತಿಂಗಳಲ್ಲಿ ಭಾರತಕ್ಕೆ ಬಂದರು. ಸೆಪ್ಟೆಂಬರಿನಲ್ಲೇ ಏಷ್ಯದ ಚಾಂಪಿಯನ್ ಕತಾರನ್ನು ಅದರ ನೆಲದಲ್ಲಿ, ಅದೂ ಛೇತ್ರಿ ಇಲ್ಲದೆ, 0–0ರಲ್ಲಿ ತಡೆದಾಗ ಆಸೆ ಹುಟ್ಟಿತು. 2021ರ ಸ್ಯಾಫ್ ಕಪ್ಪು ಬಂತು, 2022ರಲ್ಲಿ ಏಷ್ಯಾ ಕಪ್ಪಿಗೆ ಅರ್ಹತೆ ದೊರೆಯಿತು, 2023ರಲ್ಲಿ ಕಂಠೀರವದ ಗೆಲುವು. ಆ ಜುಲೈಯಲ್ಲಿ ವಿಶ್ವ ಶ್ರೇಯಾಂಕದಲ್ಲಿ ಭಾರತ 99ನೆಯದು. ಆದರೆ 2024ರ ಜನವರಿಯ ಏಷ್ಯಾ ಕಪ್ಪಿನಲ್ಲಿ ಮೂರು ಪಂದ್ಯಗಳಲ್ಲಿ ಮೂರು ಸೋಲು, ಒಂದೂ ಗೋಲಿಲ್ಲ. ಮಾರ್ಚಿನಲ್ಲಿ ಗುವಾಹಟಿಯಲ್ಲಿ ಅಫಘಾನಿಸ್ತಾನಕ್ಕೂ 1–2ರಿಂದ ಸೋತೆವು.

ತಪ್ಪು ಅವರದೂ ಇತ್ತು. ಸಿಟ್ಟು ಹದ್ದುಬಸ್ತಿನಲ್ಲಿಲ್ಲದ ತರಬೇತುದಾರ ತಂಡಕ್ಕೆ ಭಾರವೇ. ಆದರೆ ಆಟಗಾರರು ವರ್ಷದ ಬಹುಪಾಲು ಕ್ಲಬ್ಬುಗಳ ಸ್ವತ್ತು; ರಾಷ್ಟ್ರೀಯ ತರಬೇತುದಾರರಿಗೆ ಸಿಗುವುದು ಆಗಾಗ ಕೆಲವು ದಿನ. ದೀರ್ಘ ಶಿಬಿರ ಬೇಕೆಂದು ಅವರು ಬಹಿರಂಗವಾಗಿಯೇ ಕೇಳುತ್ತಿದ್ದರು. ಸುಮಾರು 40 ಲಕ್ಷ ಜನರ ಕ್ರೊವೇಷಿಯಕ್ಕಿಂತ ನಮ್ಮ ಬೆಂಗಳೂರು ಒಂದೇ ದೊಡ್ಡದು: 2011ರ ಜನಗಣತಿಯಲ್ಲೇ 84 ಲಕ್ಷ. ಜನರ ಕೊರತೆ ನಮಗಿಲ್ಲ. ಹತ್ತು ವರ್ಷದ ಹುಡುಗನನ್ನು ಹಿಡಿದು ಇಪ್ಪತ್ತರವರೆಗೆ ಕೈಬಿಡದ ಶಾಲೆಗಳು ಊರೂರಿಗೆ ಇರಲಿಲ್ಲ, ಅವನ್ನು ಹೊರಗಿನಿಂದ ಬಂದ ಒಬ್ಬರು ಪೆಟ್ಟಿಗೆಯಲ್ಲಿ ತರಲಾರರು.

2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಛೇತ್ರಿಯ ವಿದಾಯದ ಪಂದ್ಯ, ಕುವೈತ್ ಜೊತೆ 0–0. 11ರಂದು ದೋಹಾದಲ್ಲಿ ಕತಾರ್ ವಿರುದ್ಧ ಛಾಂಗ್ಟೆಯ ಗೋಲಿನಿಂದ ನಾವು ಮುಂದಿದ್ದೆವು. 73ನೆಯ ನಿಮಿಷದಲ್ಲಿ ಗೆರೆ ದಾಟಿ ಹೊರಹೋದ ಚೆಂಡನ್ನು ಎಳೆದು ತಂದು ಕತಾರಿನವರು ಗೋಲು ಹೊಡೆದರು, ರೆಫರಿ ಒಪ್ಪಿದರು, ಕೊನೆಗೆ 1–2. ವಿಶ್ವಕಪ್ ಅರ್ಹತೆಯ ಮುಂದಿನ ಸುತ್ತಿನ ಬಾಗಿಲು ಮುಚ್ಚಿತು. ಆ ರಾತ್ರಿಯೇ ಬೆಂಗಳೂರಿನಿಂದ ಫೋನು: "ಭಾವ, ಚೆಂಡು ಆಚೆ ಹೋಗಿದ್ದು ನೀವೂ ನೋಡಿದ್ರಿ ತಾನೆ?" ನೋಡಿದ್ದೆವು. ಆರು ದಿನಗಳ ನಂತರ, ಜೂನ್ 17ರಂದು, ಫೆಡರೇಷನ್ನು ಶ್ಟಿಮಾತ್ಸ್ ಅವರನ್ನು ಕೆಲಸದಿಂದ ತೆಗೆಯಿತು.