ಹಳ್ಳಿ ಶಾಲೆಗೆ ಅಡ್ಮಿಷನ್: ಆಧಾರ್ ಇಲ್ಲದಿದ್ದರೆ ಸೇರಿಸಿಕೊಳ್ಳಲ್ವಾ? ಆರ್‌ಟಿಇ ಸೀಟು ಸಿಗುತ್ತಾ? ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು?

ಬೇಸಿಗೆ ರಜೆ ಶುರುವಾದರೆ ಸಾಕು, ಊರಿನ ವಾಟ್ಸಾಪ್ ಗುಂಪುಗಳಲ್ಲಿ ಶಾಲೆಯ ಸುದ್ದಿ ಓಡಾಡಲು ತೊಡಗುತ್ತದೆ. "ಆಧಾರ್ ಇಲ್ಲದ ಮಕ್ಕಳಿಗೆ ಈ ವರ್ಷ ಅಡ್ಮಿಷನ್ ಇಲ್ಲ", "ಯಾವುದೇ ಖಾಸಗಿ ಶಾಲೆಯಲ್ಲಿ 25% ಸೀಟು ಫ್ರೀ, ಕೂಡಲೇ ಈ ಲಿಂಕ್ ಒತ್ತಿ", "ಸರ್ಕಾರಿ ಶಾಲೆಯಲ್ಲಿ ಮೂರು ಕ್ಲಾಸಿಗೆ ಒಂದೇ ಕೋಣೆ, ಮಕ್ಕಳ ಭವಿಷ್ಯ ಹಾಳು". ಇಂಥವು ನಿಮ್ಮ ಗುಂಪಿಗೂ ಬಂದಿರಬಹುದು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿ ಮತ್ತು ತಾಂಡಾಗಳ ಪೋಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಈ ಲೇಖನ ಬರೆದಿದ್ದೇವೆ. ಕಾನೂನು ಮಾತ್ರ ಇಡೀ ರಾಜ್ಯಕ್ಕೆ ಒಂದೇ. ಸುಳ್ಳು ಮೆಸೇಜು ನಂಬಿ ಮಗುವನ್ನು ಮನೆಯಲ್ಲೇ ಉಳಿಸಿಕೊಂಡರೆ ಹೋಗುವುದು ಆ ಮಗುವಿನ ಒಂದು ವರ್ಷ. ಅದು ಮತ್ತೆ ಬರುವುದಿಲ್ಲ.

ಒಂದೇ ಮಾತಿನಲ್ಲಿ ಹೇಳುವುದಾದರೆ

6ರಿಂದ 14 ವರ್ಷದ ಯಾವ ಮಗುವಿಗೂ ಯಾವುದೋ ಕಾಗದ ಇಲ್ಲ ಎಂದು ಸರ್ಕಾರಿ ಶಾಲೆ ಬಾಗಿಲು ಹಾಕುವಂತಿಲ್ಲ. ಇನ್ನು ಯಾವ ಶಾಲೆ ಒಳ್ಳೆಯದು ಎಂಬುದನ್ನು ಬೋರ್ಡು, ಬಸ್ಸು, ಫಾರ್ವರ್ಡ್ ನೋಡಿ ತಿಳಿಯಲಾಗದು. ಒಂದು ಬೆಳಿಗ್ಗೆ ನೀವೇ ಶಾಲೆಗೆ ಹೋಗಿ ನೋಡಿದರೆ ಬಹುಪಾಲು ಗೊತ್ತಾಗುತ್ತದೆ.

ಮಾತು 1: "ಆಧಾರ್, ಜನನ ಪ್ರಮಾಣಪತ್ರ ಇಲ್ಲದಿದ್ದರೆ ಸೇರಿಸಿಕೊಳ್ಳುವುದಿಲ್ಲ"

ಸುಳ್ಳು. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸಬಾರದು ಎಂದು ಅದರ 14ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಜನನ ಪ್ರಮಾಣಪತ್ರ ಇಲ್ಲದಿದ್ದರೆ ಆಸ್ಪತ್ರೆಯ ದಾಖಲೆ, ಅಂಗನವಾಡಿ ದಾಖಲೆ ನಡೆಯುತ್ತದೆ. ಅದೂ ಇಲ್ಲದಿದ್ದರೆ ತಂದೆ ತಾಯಿ ಬರೆದುಕೊಡುವ ಘೋಷಣೆ ಸಾಕು.

ಆಧಾರ್ ಬಗ್ಗೆ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ತೀರ್ಪು ಕೊಟ್ಟಿದೆ. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ. ಹಾಗಾದರೆ ಶಾಲೆಯವರು ಕೇಳುವುದೇಕೆ? ಪ್ರತಿ ಮಗುವಿನ ವಿವರವನ್ನು ಇಲಾಖೆಯ ಎಸ್‌ಎಟಿಎಸ್ ತಂತ್ರಾಂಶಕ್ಕೆ ಏರಿಸಬೇಕು, ವಿದ್ಯಾರ್ಥಿವೇತನಕ್ಕೂ ಮುಂದೆ ಬೇಕಾಗುತ್ತದೆ. ಇದ್ದರೆ ಕೊಡಿ, ಇಲ್ಲದಿದ್ದರೆ ಮಾಡಿಸಿ. ಆದರೆ ಮೊದಲು ಮಗು ಶಾಲೆ ಸೇರಲಿ. ಜಾತಿ, ಆದಾಯ ಪ್ರಮಾಣಪತ್ರವೂ ಹಾಗೆಯೇ. ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಬಂದಮೇಲೆ ತಂದುಕೊಡಬಹುದು.

ಮಾತು 2: "ಐದೂವರೆ ವರ್ಷಕ್ಕೇ 1ನೇ ಕ್ಲಾಸಿಗೆ ಸೇರಿಸಬಹುದು"

ಅರ್ಧ ಸತ್ಯ, ಅದೂ ಹಳೆಯದು. 1ನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿತು. ಅದರ ಜಾರಿಯನ್ನು 2025-26ಕ್ಕೆ ಮುಂದೂಡಿತು. ಆ ವರ್ಷವೂ ಪೋಷಕರ ಒತ್ತಾಯದ ಮೇಲೆ, ಎಲ್‌ಕೆಜಿ, ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳಾಗಿದ್ದರೂ ಸಾಕು ಎಂದು ಸಡಿಲಿಕೆ ಕೊಟ್ಟಿತು. ಇದು ಆ ಒಂದು ವರ್ಷಕ್ಕೆ ಮಾತ್ರ ಎಂದೇ ಆಗ ಪ್ರಕಟಿಸಲಾಗಿತ್ತು. ಗುಂಪುಗಳಲ್ಲಿ ತಿರುಗುವುದು ಹೆಚ್ಚಾಗಿ ಈ ಹಳೆಯ ಸುದ್ದಿಯೇ.

ಲೆಕ್ಕ ಸುಲಭ. 2020ರ ಜೂನ್ 1ರಂದು ಅಥವಾ ಅದಕ್ಕೂ ಮೊದಲು ಹುಟ್ಟಿದ ಮಗುವಿಗೆ 2026ರ ಜೂನ್ 1ಕ್ಕೆ 6 ತುಂಬಿರುತ್ತದೆ. ಆ ವರ್ಷದ ಸುತ್ತೋಲೆ ಏನಿದೆ ಎಂದು ಮುಖ್ಯ ಶಿಕ್ಷಕರ ಬಳಿ ಕೇಳಿ ಖಚಿತಪಡಿಸಿಕೊಳ್ಳಿ. ಆರು ತುಂಬದ ಮಗುವಿಗೆ ಊರಿನ ಅಂಗನವಾಡಿ ಇದೆ. ಕೆಲವು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿಯೂ ನಡೆಯುತ್ತಿವೆ. ಆರು ತುಂಬಿದ ಮಗುವಿಗೆ 1ನೇ ತರಗತಿ ಸೇರಲು ಯುಕೆಜಿ ಸರ್ಟಿಫಿಕೇಟ್ ಬೇಕಾಗಿಲ್ಲ.

ಮಾತು 3: "ಜೂನ್ ಮುಗಿದರೆ ಸೀಟಿಲ್ಲ, ಟಿಸಿ ಇಲ್ಲದೆ ಸೇರಿಸಲ್ಲ"

ಸುಳ್ಳು. ಮೇ ಕೊನೆ, ಜೂನ್‌ನಲ್ಲಿ ದಾಖಲಾತಿ ಆಂದೋಲನ ನಡೆಯುವುದು ನಿಜ. ಆಗಲೇ ಸೇರಿಸಿದರೆ ಪಾಠ ತಪ್ಪುವುದಿಲ್ಲ. ಆದರೆ ಕಾಯ್ದೆಯ 15ನೇ ಕಲಂ ಪ್ರಕಾರ ತಡವಾಗಿ ಬಂದ ಮಗುವನ್ನೂ ವಾಪಸು ಕಳಿಸುವಂತಿಲ್ಲ. ಕೂಲಿಗಾಗಿ ಗುಳೆ ಹೋಗಿ ಬರುವ ಕುಟುಂಬಗಳು ಇದನ್ನು ನೆನಪಿಡಬೇಕು.

ಟಿಸಿ ತಡವಾಯಿತು ಎಂದು ಪ್ರವೇಶ ತಡೆಯಬಾರದು, ಕೇಳಿದ ತಕ್ಷಣ ಟಿಸಿ ಕೊಡಬೇಕು ಎಂದು 5ನೇ ಕಲಂ ಹೇಳುತ್ತದೆ. ಮಧ್ಯದಲ್ಲೇ ಶಾಲೆ ಬಿಟ್ಟ 9 ವರ್ಷದ ಮಗುವನ್ನು 1ನೇ ತರಗತಿಯಲ್ಲಿ ಕೂರಿಸುವ ಅಗತ್ಯವೂ ಇಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಅಂಗವೈಕಲ್ಯ ಇರುವ ಮಗುವನ್ನೂ ನಿರಾಕರಿಸುವಂತಿಲ್ಲ.

ಮಾತು 4: "ಆರ್‌ಟಿಇಯಲ್ಲಿ ಯಾವ ಖಾಸಗಿ ಶಾಲೆಯಲ್ಲಾದರೂ ಫ್ರೀ ಸೀಟು"

ಕರ್ನಾಟಕದಲ್ಲಿ ಈಗ ಇದು ಬಹುತೇಕ ಸುಳ್ಳು. ಅನುದಾನರಹಿತ ಖಾಸಗಿ ಶಾಲೆಗಳು 1ನೇ ತರಗತಿಯ 25% ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕೆಂದು ಕಾಯ್ದೆಯಲ್ಲಿ ಇರುವುದು ನಿಜ. ಕೆಲವು ವರ್ಷ ನಮ್ಮಲ್ಲಿ ಹಾಗೆ ನಡೆದದ್ದೂ ನಿಜ. ಆದರೆ ರಾಜ್ಯ ಸರ್ಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ. ಇದನ್ನು ಪ್ರಶ್ನಿಸಿದ ಅರ್ಜಿಗಳನ್ನು ಹೈಕೋರ್ಟ್ 2019ರ ಮೇ 31ರಂದು ವಜಾ ಮಾಡಿತು.

ನಮ್ಮ ಹಳ್ಳಿಗಳ ಪೈಕಿ ಹೆಚ್ಚಿನವುಗಳಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇದ್ದೇ ಇದೆ. ಹಾಗಾಗಿ "ಆರ್‌ಟಿಇ ಸೀಟು ಕೊಡಿಸುತ್ತೇವೆ" ಎಂದು ಹಣ ಕೇಳುವವರನ್ನು ನಂಬಬೇಡಿ. ಆಧಾರ್, ಬ್ಯಾಂಕ್ ಖಾತೆ, ಒಟಿಪಿ ಕೇಳುವ ಲಿಂಕ್ ಒತ್ತಲೇಬೇಡಿ.

ಮಾತು 5: "ಮೂರು ಕ್ಲಾಸಿಗೆ ಒಂದೇ ಕೋಣೆ ಅಂದರೆ ಮೇಷ್ಟ್ರೇ ಇಲ್ಲ ಅಂತ"

ತಪ್ಪು ತಿಳಿವಳಿಕೆ. ಅದರ ಹೆಸರು ನಲಿಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿ 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. 1, 2, 3ನೇ ತರಗತಿಯ ಮಕ್ಕಳು ಒಟ್ಟಿಗೆ, ಗುಂಪುಗಳಾಗಿ ಕೂರುತ್ತಾರೆ. ಕಾರ್ಡುಗಳ ಮೂಲಕ ಪ್ರತಿ ಮಗುವೂ ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲು ಹತ್ತುತ್ತದೆ.

ಆದರೆ ಶಿಕ್ಷಕರ ಕೊರತೆ ಎಂಬುದು ಬೇರೆಯೇ ಪ್ರಶ್ನೆ, ಅದನ್ನು ಕೇಳಲೇಬೇಕು. ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿವರೆಗೆ 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು ಶಿಕ್ಷಕರು ಇರಬೇಕು. ಒಬ್ಬರೇ ಶಿಕ್ಷಕರಿದ್ದು, ಅವರೂ ಮೀಟಿಂಗು, ಸಮೀಕ್ಷೆ ಎಂದು ಹೊರಗೆ ಹೋದರೆ ನಲಿಕಲಿಯೂ ನಡೆಯದು.

ಮಾತು 6: "ಇಂಗ್ಲಿಷ್ ಮೀಡಿಯಂ ಸೇರಿಸಿದರೆ ಇಂಗ್ಲಿಷ್ ತಾನಾಗಿ ಬರುತ್ತದೆ"

ಇಂಗ್ಲಿಷ್ ಬೇಕು ಎಂಬ ಪೋಷಕರ ಆಸೆ ತಪ್ಪಲ್ಲ. ಆದರೆ ಭಾಷೆ ಕಲಿಯುವುದು ಬೇರೆ, ಗೊತ್ತಿಲ್ಲದ ಭಾಷೆಯಲ್ಲಿ ಗಣಿತ, ವಿಜ್ಞಾನ ಕಲಿಯುವುದು ಬೇರೆ. ಪಾಠ ಅರ್ಥವಾಗದ ಮಗು ಪ್ರಶ್ನೋತ್ತರ ಬಾಯಿಪಾಠ ಮಾಡುತ್ತದೆ. ಮನೆಯಲ್ಲಿ ಲಂಬಾಣಿ ಮಾತಾಡುವ ತಾಂಡಾದ ಮಗುವಿಗೆ ಕನ್ನಡವೇ ಎರಡನೆಯ ಭಾಷೆ. ಅದರ ಮೇಲೆ ಇಂಗ್ಲಿಷ್ ಮಾಧ್ಯಮವೂ ಬಂದರೆ ಭಾರ ಇನ್ನೂ ಹೆಚ್ಚು.

ಸರ್ಕಾರಿ ಶಾಲೆಗಳಲ್ಲಿ 2007-08ರಿಂದ 1ನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಆರಂಭವಾದವು. ಹತ್ತಿರದಲ್ಲಿ ಅಂಥ ಶಾಲೆ ಇದೆಯೇ ಎಂದು ವಿಚಾರಿಸಿ.

ಫಾರ್ವರ್ಡ್‌ನಲ್ಲಿ ಬಾರದ ಮಾತು: ಹಳ್ಳಿ ಶಾಲೆಯ ಲಾಭ

1ನೇ ತರಗತಿಯಲ್ಲಿ ಮಾಡಿದ ಆಯ್ಕೆಯ ಫಲ ಹತ್ತು ಹನ್ನೆರಡು ವರ್ಷ ಬಿಟ್ಟು ಕಾಣುತ್ತದೆ. ಸಿಇಟಿ ಮೂಲಕ ವೃತ್ತಿಶಿಕ್ಷಣಕ್ಕೆ ಸೇರುವಾಗ ಗ್ರಾಮೀಣ ಕೋಟಾ 15%, ಕನ್ನಡ ಮಾಧ್ಯಮ ಕೋಟಾ 5% ಇದೆ. ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ 25%, ಕನ್ನಡ ಮಾಧ್ಯಮದವರಿಗೆ 5%. ಇದಕ್ಕೆ 1ರಿಂದ 10ನೇ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಶಾಲೆಯಲ್ಲಿ, ಅಥವಾ ಕನ್ನಡ ಮಾಧ್ಯಮದಲ್ಲಿ ಓದಿರಬೇಕು.

ಇಲ್ಲೇ ಹಲವರು ಎಡವುವುದು. ಮನೆ ಹಳ್ಳಿಯಲ್ಲಿದ್ದರೆ ಸಾಲದು, ಶಾಲೆ ಗ್ರಾಮೀಣ ಪ್ರದೇಶದಲ್ಲಿರಬೇಕು. ದಿನಾ ವ್ಯಾನ್ ಹತ್ತಿ ಚನ್ನಗಿರಿ ಪುರಸಭೆ ಅಥವಾ ಜಗಳೂರು ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಗೆ ಹೋಗುವ ಮಗುವಿಗೆ ಆ ವರ್ಷಗಳು ಗ್ರಾಮೀಣ ಲೆಕ್ಕಕ್ಕೆ ಬರುವುದಿಲ್ಲ. ಪಟ್ಟಣದ ಶಾಲೆ ಸೇರಿಸಬೇಡಿ ಎಂದು ನಾವು ಹೇಳುತ್ತಿಲ್ಲ, ಏನು ಬಿಟ್ಟುಕೊಡುತ್ತಿದ್ದೀರಿ ಎಂದು ತಿಳಿದು ಸೇರಿಸಿ.

ನವೋದಯಕ್ಕೂ ಇದೇ ಮಾತು. ನಮ್ಮ ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯ ಇರುವುದು ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿ. 6ನೇ ತರಗತಿಯ ಸೀಟುಗಳಲ್ಲಿ ಕನಿಷ್ಠ 75% ಗ್ರಾಮೀಣ ಮಕ್ಕಳಿಗೆ. ಅದಕ್ಕೆ 3, 4, 5ನೇ ತರಗತಿಗಳನ್ನು ಪೂರ್ತಿ ಗ್ರಾಮೀಣ ಶಾಲೆಯಲ್ಲೇ ಓದಿರಬೇಕು.

ಒಂದು ಬೆಳಿಗ್ಗೆ ಶಾಲೆಗೆ ಹೋಗಿ ಏನು ನೋಡಬೇಕು?

ಸರ್ಕಾರಿ ಶಾಲೆಗಳೆಲ್ಲ ಒಳ್ಳೆಯವು, ಖಾಸಗಿ ಶಾಲೆಗಳೆಲ್ಲ ಮೋಸ ಎಂದೇನಿಲ್ಲ. ಎರಡರಲ್ಲೂ ಇವನ್ನು ನೋಡಿ:

- ಮಕ್ಕಳಿಗೆ ಓದಲು ಬರುತ್ತದೆಯೇ? ಅನುಮತಿ ಕೇಳಿ, 4ನೇ ತರಗತಿಯ ಎರಡು ಮೂರು ಮಕ್ಕಳಿಂದ 2ನೇ ತರಗತಿ ಪುಸ್ತಕದ ಒಂದು ಪುಟ ಓದಿಸಿ, ದಶಕ ಕಡ ಪಡೆಯುವ ಒಂದು ಕಳೆಯುವ ಲೆಕ್ಕ ಕೊಡಿ. ದೇಶದಾದ್ಯಂತ ನಡೆಯುವ ಅಸರ್ ಸಮೀಕ್ಷೆಯೂ ಹೀಗೆಯೇ ಅಳೆಯುತ್ತದೆ.
- ಶಿಕ್ಷಕರು ಎಷ್ಟು? ಕಾಯಂ ಎಷ್ಟು, ಅತಿಥಿ ಶಿಕ್ಷಕರು ಎಷ್ಟು? ಇವತ್ತು ಎಷ್ಟು ಜನ ಬಂದಿದ್ದಾರೆ?
- ಶೌಚಾಲಯದ ಬಾಗಿಲು ತೆರೆದು ನೋಡಿ. ಹೆಣ್ಣುಮಕ್ಕಳಿಗೆ ಬೇರೆ ಇದೆಯೇ, ನೀರು ಬರುತ್ತದೆಯೇ? ಬೀಗ ಹಾಕಿದ ಶೌಚಾಲಯ ಲೆಕ್ಕಕ್ಕಿಲ್ಲ.
- ಸರ್ಕಾರಿ ಶಾಲೆಯಾದರೆ ಬಿಸಿಯೂಟದ ಹೊತ್ತಿಗೆ ಹೋಗಿ. ಅಡುಗೆಮನೆ, ತಟ್ಟೆ, ಕೈತೊಳೆಯುವ ಜಾಗ ನೋಡಿ. ಊಟ, ಹಾಲು, ಪಠ್ಯಪುಸ್ತಕ, ಸಮವಸ್ತ್ರ, ಶೂ ಎಲ್ಲವೂ ಉಚಿತ.
- ಎಸ್‌ಡಿಎಂಸಿ ಸಭೆ ಕೊನೆಗೆ ನಡೆದದ್ದು ಯಾವಾಗ? ಈ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು.
- ಕೋಲು ಕಂಡಿತೇ? ಮಕ್ಕಳನ್ನು ಹೊಡೆಯುವುದು 17ನೇ ಕಲಂ ಪ್ರಕಾರ ನಿಷಿದ್ಧ.

ಖಾಸಗಿ ಶಾಲೆಯಾದರೆ ಇನ್ನೂ ನಾಲ್ಕು ಪ್ರಶ್ನೆ ಕೇಳಿ. ಮಾನ್ಯತೆ ಎಷ್ಟನೇ ತರಗತಿವರೆಗೆ ಇದೆ? ಅನುಮತಿ ಸಿಕ್ಕಿರುವುದು ಯಾವ ಮಾಧ್ಯಮಕ್ಕೆ, ಯಾವ ಪಠ್ಯಕ್ರಮಕ್ಕೆ? ಪೂರ್ತಿ ವರ್ಷದ ಶುಲ್ಕ ಎಷ್ಟು, ರಸೀದಿ ಕೊಡುತ್ತೀರಾ? ವ್ಯಾನಿನಲ್ಲಿ ಎಷ್ಟು ಮಕ್ಕಳನ್ನು ಕೂರಿಸುತ್ತೀರಿ? ಮಾನ್ಯತೆಯೇ ಇಲ್ಲದ ಶಾಲೆ ನಡೆಸಿದರೆ 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಮಗುವಿಗಾಗಲಿ ಪೋಷಕರಿಗಾಗಲಿ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನ ಮಾಡುವುದೂ ತಪ್ಪು. ಮೊದಲ ಸಲ 25,000 ರೂ., ನಂತರ ಪ್ರತಿ ಸಲ 50,000 ರೂ.ವರೆಗೆ ದಂಡ. ಡೊನೇಷನ್ ತೆಗೆದುಕೊಂಡರೆ ಅದರ ಹತ್ತು ಪಟ್ಟಿನವರೆಗೆ.

ಮನೆಯಲ್ಲೇ ಕೂತು ಪರಿಶೀಲಿಸಲು ಒಂದು ದಾರಿ ಇದೆ. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇರುತ್ತದೆ, ಕರ್ನಾಟಕದ್ದು 29ರಿಂದ ಶುರು. ಯುಡೈಸ್ ಪ್ಲಸ್ ಜಾಲತಾಣದ 'ನೋ ಯುವರ್ ಸ್ಕೂಲ್' ಪುಟದಲ್ಲಿ ಆ ಸಂಖ್ಯೆ ಹಾಕಿದರೆ ಶಾಲೆಯ ಮಾಧ್ಯಮ, ತರಗತಿ, ಶಿಕ್ಷಕರ ಸಂಖ್ಯೆ ಕಾಣುತ್ತದೆ. ಅಲ್ಲಿರುವುದಕ್ಕೂ ಕಣ್ಣಾರೆ ಕಂಡದ್ದಕ್ಕೂ ತಾಳೆಯಾಗದಿದ್ದರೆ ಧೈರ್ಯವಾಗಿ ಕೇಳಿ.

ಸೇರಿಸಿಕೊಳ್ಳಲ್ಲ ಎಂದರೆ ಏನು ಮಾಡಬೇಕು?

ಜಗಳ ಬೇಡ. ಒಂದು ಬಿಳಿ ಹಾಳೆಯಲ್ಲಿ ಮಗುವಿನ ಹೆಸರು, ವಯಸ್ಸು, ತರಗತಿ ಬರೆದು ಅರ್ಜಿ ಕೊಡಿ, ನಕಲು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ "ಆಗಲ್ಲ" ಎಂದವರು ಬರವಣಿಗೆಯಲ್ಲಿ ಹಾಗೆ ಹೇಳುವುದು ಕಷ್ಟ. ಆದರೂ ಆಗದಿದ್ದರೆ ಸಿಆರ್‌ಪಿಗೆ, ನಂತರ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅದಾದ ಮೇಲೆ ದಾವಣಗೆರೆಯ ಡಿಡಿಪಿಐ ಕಚೇರಿಗೆ ದೂರು ಕೊಡಿ. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಬರೆಯಬಹುದು. ಮಕ್ಕಳ ಸಹಾಯವಾಣಿ 1098.

ಫಾರ್ವರ್ಡ್ ಮಾಡುವ ಮುನ್ನ

ಶಾಲೆಯ ಬಗ್ಗೆ ಮೆಸೇಜು ಬಂದರೆ ಮೂರು ವಿಷಯ ನೋಡಿ. ಯಾವ ವರ್ಷದ್ದು? ಆದೇಶದ ಸಂಖ್ಯೆ, ದಿನಾಂಕ ಇದೆಯೇ? ಹಣ ಅಥವಾ ಒಟಿಪಿ ಕೇಳುತ್ತಿದೆಯೇ? ಅನುಮಾನ ಬಂದರೆ ಊರಿನ ಮೇಷ್ಟ್ರನ್ನೋ ಟೀಚರನ್ನೋ ಒಂದು ಮಾತು ಕೇಳಿ. ನಿಮ್ಮ ಬೀದಿಯಲ್ಲಿ ಆಧಾರ್ ಇಲ್ಲ, ಟಿಸಿ ಇಲ್ಲ ಎಂದು ಮನೆಯಲ್ಲೇ ಉಳಿದ ಮಗು ಇದ್ದರೆ ಆ ಮನೆಯವರಿಗೆ ಈ ಲೇಖನ ಕಳಿಸಿ. ಓದಲು ಬಾರದವರಾದರೆ ಓದಿ ಹೇಳಿ, ಆಗುವುದಾದರೆ ಅವರ ಜೊತೆ ಶಾಲೆವರೆಗೂ ಹೋಗಿ ಬನ್ನಿ.